ಮೂರನೆಯ ಹೆಸರಿಗಾಗಿ ಕೊಂಡ ಪೆಟ್ಟಿಗೆ

ಪೆಟ್ಟಿಗೆಯ ಮೇಲೆ ಮೂರು ಹೆಸರುಗಳಿವೆ. ಹಾಡು ಕಟ್ಟಿದವರು ಫ್ರಾಂಜ್ ಶೂಬರ್ಟ್, ಹಾಡಿದವರು ಡೀಟ್ರಿಶ್ ಫಿಶರ್-ಡೀಸ್ಕೌ, ಪಿಯಾನೋ ನುಡಿಸಿದವರು ಜೆರಾಲ್ಡ್ ಮೂರ್. ಹೆಸರಿನಲ್ಲೂ ಮೂರ್, ಪಟ್ಟಿಯಲ್ಲೂ ಮೂರನೆಯವರು. 21 ಸಿಡಿಗಳ ಈ ಪೆಟ್ಟಿಗೆಯನ್ನು ನಾನು ಕೊಂಡದ್ದು ಆ ಮೂರನೆಯವರಿಗಾಗಿ. ನಾನೂರಕ್ಕೂ ಮೀರಿದ ಹಾಡುಗಳು. ಎಲ್ಲವನ್ನೂ ಒಮ್ಮೆ, ಕೆಲವನ್ನು ಲೆಕ್ಕವಿಡದಷ್ಟು ಸಲ ಕೇಳಿದ ಮೇಲೆ ಬರೆಯಲು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಜರ್ಮನ್ ನನಗೆ ಬರುವುದಿಲ್ಲ. ಇಂಗ್ಲಿಷ್ ಅನುವಾದ ಮುಂದಿಟ್ಟುಕೊಂಡು ಸಾಲುಸಾಲಿಗೂ ಬೆರಳಿಟ್ಟು ಕೇಳಿದವನು. ಹಾಡುಗಾರಿಕೆಯ ಉಚ್ಚಾರದ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನ್ನದಲ್ಲ. ಪಕ್ಕದಲ್ಲಿ ಕೂತವರ ಬಗ್ಗೆ ಮಾತಾಡುವ ಯೋಗ್ಯತೆ ಇದೆ, ಯಾಕೆಂದರೆ ನಾನೂ ಪಕ್ಕದಲ್ಲಿ ಕೂರುವವನೇ. ಮೂವತ್ತು ವರ್ಷದಿಂದ ಗಾಯಕರ ಎಡಗಡೆ ಪೇಟಿ, ಅಂದರೆ ಹಾರ್ಮೋನಿಯಂ, ಇಟ್ಟುಕೊಂಡು ಸಾಥ್ ಕೊಡುತ್ತ ಬಂದಿದ್ದೇನೆ. ಕರಪತ್ರದಲ್ಲಿ ನನ್ನ ಹೆಸರು ಒಮ್ಮೊಮ್ಮೆ ಇರುತ್ತದೆ, ಒಮ್ಮೊಮ್ಮೆ ‘ಪೇಟಿ ಮಾಸ್ತರ’ ಎಂದಷ್ಟೇ ಇರುತ್ತದೆ, ಒಮ್ಮೆ ತಬಲಾದವರ ಹೆಸರಿನ ಮುಂದೆ ನನ್ನ ವಾದ್ಯ ಅಚ್ಚಾಗಿತ್ತು.

ಕಲಿಯುವ ದಿನಗಳಲ್ಲಿ ನನ್ನನ್ನು ಮೊದಲ ಸಲ ವೇದಿಕೆಗೆ ಹತ್ತಿಸಿದ ಹಿರಿಯ ಗಾಯಕರು ಪರದೆಯ ಹಿಂದೆ ನಿಂತು ಹೇಳಿದ್ದು ಇಷ್ಟೆ: “ತಮ್ಮಾ, ನೀ ನನ್ನ ಮುಂದ ಓಡಬ್ಯಾಡ. ಬೆನ್ನ ಹತ್ತಿನೂ ಬರಬ್ಯಾಡ. ಬಾಜೂಕ ಇರು.” ಮುಂದೆ ಓಡದಿರುವುದು ಒಂದು ವರ್ಷದಲ್ಲಿ ಬಂತು. ಬೆನ್ನು ಹತ್ತದಿರುವುದಕ್ಕೆ ಹತ್ತು ವರ್ಷ ಹಿಡಿಯಿತು. ಬಾಜೂಕ ಇರುವುದೆಂದರೆ ಏನೆಂದು ಸರಿಯಾಗಿ ಕಿವಿಗೆ ಬಿದ್ದದ್ದು ಮಾತ್ರ ಇಂಗ್ಲೆಂಡಿನ ಈ ಮೂರ್ ಅವರ ಧ್ವನಿಮುದ್ರಿಕೆಗಳಲ್ಲಿ.

ನಮ್ಮ ಕೆಲಸಕ್ಕೂ ಅವರ ಕೆಲಸಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಗಾಯಕರು ಇವತ್ತು ಎತ್ತ ಹೋಗುತ್ತಾರೋ ನನಗೆ ಗೊತ್ತಿರುವುದಿಲ್ಲ, ಅವರ ತಾನಿನ ಬಾಲ ಹಿಡಿದು ಹೋಗುವುದೇ ನನ್ನ ಪಾಡು. ಮೂರ್ ಅವರ ಮುಂದೆ ಪ್ರತಿ ಸ್ವರವೂ ಬರೆದಿಟ್ಟಿದೆ. ಶೂಬರ್ಟ್ ಹಾಡಿನ ಅರ್ಧವನ್ನು ಗಂಟಲಿಗೆ ಕೊಟ್ಟು, ಇನ್ನರ್ಧವನ್ನು ಪಿಯಾನೋಗೆ ಕೊಟ್ಟು ಹೋಗಿದ್ದಾರೆ. ಹಾಗಾದರೆ ಪಕ್ಕದವನಿಗೆ ಉಳಿಯುವ ಸ್ವಾತಂತ್ರ್ಯ ಯಾವುದು? ಮೊದಮೊದಲು ನನಗೆ ಇದೇ ಪ್ರಶ್ನೆ. ಒಂದು ಸ್ವರವನ್ನು ಎಷ್ಟು ಭಾರವಾಗಿ ಇಡಬೇಕು, ಎಷ್ಟು ಹೊತ್ತಿಗೆ ಬಿಡಬೇಕು, ಪೆಡಲಿನಿಂದ ಕಾಲು ಯಾವಾಗ ಎತ್ತಬೇಕು, ಗಾಯಕ ಉಸಿರೆಳೆಯುವಾಗ ತಾನೂ ಉಸಿರೆಳೆಯಬೇಕೋ ಅಥವಾ ಅವನಿಗೆ ಗೊತ್ತಾಗದಂತೆ ಆ ಸಂದನ್ನು ಮುಚ್ಚಬೇಕೋ. ಬರೀ ಇಷ್ಟೆ. ಈ ಇಷ್ಟರಲ್ಲೇ ಒಬ್ಬ ಮನುಷ್ಯ ಜೀವಮಾನ ಕಳೆದರು.

ನಾನು ಮೊದಲು ಹಾಕಿದ್ದು ‘ವಿಂಟರ್‌ರೈಸೆ’. ವಿಲ್ಹೆಲ್ಮ್ ಮ್ಯೂಲರ್ ಬರೆದ 24 ಕವಿತೆಗಳಿಗೆ ಶೂಬರ್ಟ್ 1827ರಲ್ಲಿ ಸ್ವರ ಹಾಕಿದರು, ಮರುವರ್ಷ 31ನೆಯ ವಯಸ್ಸಿಗೆ ತೀರಿಕೊಂಡರು. ಪ್ರೀತಿ ಮುರಿದ ಒಬ್ಬಾತ ಚಳಿಗಾಲದಲ್ಲಿ ಊರು ಬಿಟ್ಟು ನಡೆಯುತ್ತಲೇ ಹೋಗುತ್ತಾನೆ. ಕೊನೆಯ ಹಾಡು ‘ಡೆರ್ ಲೈಯರ್‌ಮಾನ್’. ಮಂಜಿನ ಮೇಲೆ ಬರಿಗಾಲಲ್ಲಿ ನಿಂತು ಹಿಡಿಕೆ ತಿರುಗಿಸುತ್ತ ವಾದ್ಯ ನುಡಿಸುವ ಮುದುಕ. ಅವನ ತಟ್ಟೆ ಖಾಲಿ, ಯಾರೂ ಕೇಳುವವರಿಲ್ಲ. ಎಡಗೈಯಲ್ಲಿ ಮೊದಲಿನಿಂದ ಕೊನೆಯವರೆಗೆ ಎರಡೇ ಸ್ವರ, ಸಾ ಮತ್ತು ಪಾ. ನಮ್ಮ ತಂಬೂರಿ! ಕುರ್ಚಿಯಿಂದ ಎದ್ದೇಬಿಟ್ಟೆ. ಮೊದಲ ಎರಡು ಆವರ್ತನದಲ್ಲಿ ಮಾತ್ರ ತೀವ್ರ ಮಧ್ಯಮ ಒಂದು ಕ್ಷಣ ಪಂಚಮಕ್ಕೆ ತಗುಲಿ ಹೋಗುತ್ತದೆ, ಹಳೆಯ ವಾದ್ಯವೊಂದು ಗೊರಗೊರ ಎಂದು ಶ್ರುತಿಗೆ ಬಂದು ಕೂರುವ ಹಾಗೆ. ಆಮೇಲೆ ಆ ಕೀರಲು ಬರುವುದೇ ಇಲ್ಲ.

ಇದನ್ನು ನುಡಿಸುವುದು ಯಾರಿಗೂ ಕಷ್ಟವಲ್ಲ, ಆರು ತಿಂಗಳು ಕಲಿತ ಹುಡುಗನ ಬೆರಳಿಗೂ ಸಿಗುತ್ತದೆ. ಮೂರ್ ಮಾಡುವುದನ್ನು ನೋಡಿ. ಪ್ರತಿ ಆವರ್ತನದ ಸಾ-ಪಾ ಒಂದೇ ತೂಕ. ಕರುಣೆ ಉಕ್ಕಿಸಲು ಎಲ್ಲೂ ಒತ್ತುವುದಿಲ್ಲ, ಎಲ್ಲೂ ಎಳೆಯುವುದಿಲ್ಲ. ಗಾಯಕನ ಸಾಲು ಮುಗಿದು ಬಲಗೈಯ ಸಣ್ಣ ತಿರುವು ಬರುವಾಗ, ಈಗ ನನ್ನ ಸರದಿ ಎಂದು ಕೊರಳೆತ್ತುವುದಿಲ್ಲ. ನಾನಾಗಿದ್ದರೆ ಎತ್ತುತ್ತಿದ್ದೆ. ಗಾಯಕರು ಉಸಿರು ತೆಗೆದುಕೊಳ್ಳುವಾಗ ಸಿಗುವ ಆ ಎರಡು ಮಾತ್ರೆಗಾಗಿ ಪೇಟಿಯವರು ಸಂಜೆಯಿಡೀ ಕಾದು ಕೂತಿರುತ್ತೇವೆ. ಸಿಕ್ಕಾಗ ಒಂದು ಮುರ್ಕಿ ತೂರಿಸದೆ ಬಿಡುವವರು ಕಡಿಮೆ.

ಪೆಟ್ಟಿಗೆಯಲ್ಲಿರುವುದು 1971ರ ಧ್ವನಿಮುದ್ರಣ. ಇದೇ ಜೋಡಿ ಇದೇ ಹಾಡುಗಳನ್ನು 1955ರಲ್ಲಿ ಒಮ್ಮೆ, 1962ರಲ್ಲಿ ಒಮ್ಮೆ ಮುದ್ರಿಸಿತ್ತು. ಮೂರನ್ನೂ ಸಾಲಾಗಿ ಕೇಳಿದರೆ ಗಾಯಕ ಬದಲಾಗುವುದು ಯಾರಿಗೂ ಕೇಳಿಸುತ್ತದೆ. ಮೂವತ್ತರ ಗಂಟಲು ನಲವತ್ತಾರಕ್ಕೆ ಬರುವಷ್ಟರಲ್ಲಿ ಮಾತನ್ನು ಕುಟುಕುವುದು ಹೆಚ್ಚುತ್ತದೆ, ಕೆಲವು ಕಡೆ ನನಗೆ ಅದು ಅತಿಯೆನಿಸಿತು. ಪಿಯಾನೋದ ಬದಲಾವಣೆ ತೀರ ಸಣ್ಣದು. ‘ಇಮ್ ಡೋರ್ಫೆ’ ಎಂಬ ಹಾಡಿನಲ್ಲಿ ಮಲಗಿದ ಊರು, ಸರಪಳಿ ಎಳೆದು ಗುರುಗುಟ್ಟುವ ನಾಯಿಗಳು. ಆ ಗುರುಗುಡುವಿಕೆ ಪಿಯಾನೋದ ಕೆಲಸ. ಹಳೆಯ ಮುದ್ರಣದಲ್ಲಿ ನಾಯಿ ಹತ್ತಿರದಲ್ಲಿದೆ, 1971ರಲ್ಲಿ ಬೇಲಿಯಾಚೆ ಹೋಗಿದೆ. ನಡೆಯುವವನಿಗೂ ಊರಿಗೂ ನಡುವಿನ ದೂರ ಹಾಗೆ ಹೆಚ್ಚಿತು. ಅದು ವಯಸ್ಸಿನ ಕೈಯೋ, ಯೋಚನೆಯೋ, ಮೈಕಿನ ಜಾಗವೋ ಎಂದು ನನ್ನೊಳಗೆ ಜಗಳವಾಡಿ ಕೊನೆಗೆ ಯೋಚನೆಯೇ ಎಂದು ಒಪ್ಪಿಕೊಂಡೆ.

ಪೆಟ್ಟಿಗೆಯ ಹೊರಗೆ ಇನ್ನೊಂದು ‘ವಿಂಟರ್‌ರೈಸೆ’ ಇದೆ, 1954ರದ್ದು, ಹಾಡಿದವರು ಹಾನ್ಸ್ ಹಾಟರ್. ಗವಿಯಿಂದ ಬಂದಂಥ ಕಂಠ. ಅವರಿಗಾಗಿ ಹಾಡುಗಳ ಶ್ರುತಿಯನ್ನು ಸಾಕಷ್ಟು ಕೆಳಗಿಳಿಸಿದ್ದಾರೆ. ಇಲ್ಲಿ ನನ್ನಂಥವನಿಗೆ ತಿಳಿಯುವ ಒಂದು ಸಂಗತಿ ಇದೆ. ಗಾಯಕರು ಬಂದು “ಮಾಸ್ತರ, ಇವತ್ತ ಗಂಟಲ ಸರಿ ಇಲ್ಲ, ಕರಿ ಎರಡ ಬ್ಯಾಡ, ಬಿಳಿ ಒಂದಕ್ಕ ಇಳಸ್ರಿ” ಎಂದರೆ ನನ್ನ ಪೇಟಿಯಲ್ಲಿ ಸ್ಕೇಲ್ ಚೇಂಜರ್ ಇದೆ, ಹಿಡಿಕೆ ಸರಿಸಿದರೆ ಮುಗಿಯಿತು, ಬೆರಳು ಅವೇ ಮನೆಗಳಲ್ಲಿ ಓಡುತ್ತವೆ. ಪಿಯಾನೋಗೆ ಅಂಥ ಹಿಡಿಕೆ ಇಲ್ಲ. ಹಾಡು ಇಳಿದರೆ ಹತ್ತೂ ಬೆರಳಿನ ದಾರಿ ಬದಲು, ಕರಿ ಬಿಳಿ ಎಲ್ಲ ಅದಲುಬದಲು. ಅದು ಹೋಗಲಿ, ಅಭ್ಯಾಸದಿಂದ ಬರುತ್ತದೆ. ನಿಜವಾದ ತೊಂದರೆ ಖರ್ಜದಲ್ಲಿ. ಪಿಯಾನೋದ ಕೆಳಗಿನ ತಂತಿಗಳು ದಪ್ಪ. ಅಲ್ಲಿ ಮೂರು ಸ್ವರ ಒಟ್ಟಿಗೆ ಬಿದ್ದರೆ ಒಂದಕ್ಕೊಂದು ಅಂಟಿ ಕೆಸರಾಗುತ್ತದೆ. ಹಾಟರ್ ಜೊತೆಗಿನ ಈ ಮುದ್ರಣದಲ್ಲಿ ಕೆಸರಿಲ್ಲ. ಎಡಗೈಯ ಒಳಸ್ವರಗಳನ್ನು ಮುಟ್ಟಿಯೂ ಮುಟ್ಟದ ಹಾಗೆ ತೇಲಿಸಿ, ತೀರ ಕೆಳಗಿನ ಒಂದನ್ನು ಮಾತ್ರ ಊರುತ್ತಾರೆ. ದನಿ ಕೆಳಗಿಳಿದಷ್ಟೂ ಕೈ ಹಗುರ. ‘ಲಿಂಡನ್ ಮರ’ದ ಹಾಡಿನ ಎಲೆಗಳ ಸರಸರವೂ ಅಷ್ಟು ಕೆಳಗಿನ ಶ್ರುತಿಯಲ್ಲಿ ಎಲೆಗಳಾಗಿಯೇ ಉಳಿದಿದೆ. ಈ ಒಂದು ಮುದ್ರಣಕ್ಕಾಗಿ ಪೆಟ್ಟಿಗೆಯ ಐದು ಸಿಡಿ ಬಿಟ್ಟುಕೊಡಲು ನಾನು ತಯಾರು. ಯಾವ ಐದು ಎಂದು ಮುಂದೆ ಹೇಳುತ್ತೇನೆ.

ಮೂರ್ ಇಷ್ಟೆಲ್ಲ ಕಲಿತದ್ದು ಎಲ್ಲಿ? 1899ರಲ್ಲಿ ಲಂಡನ್ ಹತ್ತಿರದ ವಾಟ್‌ಫರ್ಡ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಮನೆಯವರೊಂದಿಗೆ ಕೆನಡಾದ ಟೊರಾಂಟೋಗೆ ಹೋಗಿ, ಅಲ್ಲಿ ಮೂಕಿಚಿತ್ರಗಳಿಗೆ ಆರ್ಗನ್ ನುಡಿಸಿ, ಮರಳಿ ಇಂಗ್ಲೆಂಡಿಗೆ ಬಂದವರು. ಸೋಲೋ ಪಿಯಾನೋ ವಾದಕರಾಗುವ ಓದೇ ಅವರದ್ದೂ. ತಿದ್ದಿದ್ದು ಗಾಯಕರೊಬ್ಬರು, 1920ರ ದಶಕದಲ್ಲಿ ಅವರು ಸಾಥ್ ಕೊಟ್ಟ ಟೆನರ್ ಜಾನ್ ಕೋಟ್ಸ್. ತಮಗೆ ಈ ಕಸುಬು ಬಂದದ್ದು ಕೋಟ್ಸರಿಂದ ಎಂದು ಮೂರ್ ಕೊನೆಯವರೆಗೂ ನೆನೆದರು. ಪೇಟಿಯವರಿಗೂ ಹಾಗೆಯೇ. ಬೆರಳು ಕಲಿಸುವವರು ಪೇಟಿ ಗುರುಗಳು, ಸಾಥ್ ಕಲಿಸುವವರು ಗಾಯಕರು.

ಅವರ ಮೊದಲ ಮುದ್ರಣ 1921ರದ್ದು, ಪಿಟೀಲು ವಾದಕಿ ರೆನೇ ಶೆಮೆ ಜೊತೆ, ಎಚ್‌ಎಂವಿ ರೆಕಾರ್ಡ್ ಕಂಪನಿಗೆ. ಮೈಕು ಬರಲು ಇನ್ನೂ ನಾಲ್ಕು ವರ್ಷ ಬಾಕಿ. ಒಂದು ದೊಡ್ಡ ತುತ್ತೂರಿಯ ಬಾಯಿಗೆ ನುಡಿಸಬೇಕು, ಆ ಕಂಪನವೇ ನೇರ ಮೇಣದ ತಟ್ಟೆಯನ್ನು ಕೊರೆಯುತ್ತದೆ. ಮೆಲ್ಲಗೆ ನುಡಿಸಿದರೆ ಏನೂ ಕೊರೆಯದು. ಎಲ್ಲವನ್ನೂ ಗಟ್ಟಿಯಾಗಿಯೇ ನುಡಿಸಬೇಕು, ತಪ್ಪಿದರೆ ತಟ್ಟೆಯೇ ಹಾಳು, ಮತ್ತೆ ಮೊದಲಿಂದ. ಅಲ್ಲಿಂದ ಶುರುವಾದವರು 1972ರಲ್ಲಿ ಸ್ಟೀರಿಯೋ ಟೇಪಿನ ಮುಂದೆ ಶೂಬರ್ಟ್ ಮುಗಿಸಿದರು. ಮೆಲ್ಲಗೆ ನುಡಿಸುವುದಕ್ಕೆ ಪ್ರಸಿದ್ಧರಾದವರು ಮೆಲ್ಲಗೆ ನುಡಿಸಲು ಸಾಧ್ಯವೇ ಇಲ್ಲದ ಕೋಣೆಯಿಂದ ಹೊರಟವರು ಎನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ. 1962ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು ‘ಆಮ್ ಐ ಟೂ ಲೌಡ್?’ — ನನ್ನ ಸದ್ದು ಜಾಸ್ತಿ ಆಯಿತೇ? ಪ್ರತಿ ಕಾರ್ಯಕ್ರಮದ ಮೊದಲು ನಾನು ಮೈಕಿನ ಹುಡುಗನನ್ನು ಕೇಳುವುದೂ ಇದನ್ನೇ. “ಇಲ್ಲ ಸರ್, ನಿಮ್ದು ಕೇಳೂದೇ ಇಲ್ಲ” ಎನ್ನುತ್ತಾನೆ, ಸಮಾಧಾನ ಹೇಳುವ ದನಿಯಲ್ಲಿ.

ಹಾಗೆಂದು ಅವರು ಮೂಲೆ ಸೇರಿದ ಬಡಪಾಯಿಯಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಚಿತ್ರಗಳನ್ನೆಲ್ಲ ಬೇರೆಡೆಗೆ ಸಾಗಿಸಿದ್ದರು. ಖಾಲಿ ಗೋಡೆಗಳ ನಡುವೆ ಪಿಯಾನೋ ವಾದಕಿ ಮೈರಾ ಹೆಸ್ ಮಧ್ಯಾಹ್ನದ ಕಛೇರಿಗಳನ್ನು ನಡೆಸುತ್ತಿದ್ದರು. ಅಲ್ಲಿ ಮೂರ್ ತಮ್ಮ ಕಸುಬಿನ ಬಗ್ಗೆಯೇ ಮಾತಾಡಿ, ನುಡಿಸಿ ತೋರಿಸಿದರು. 1943ರಲ್ಲಿ ಬಂದ ಪುಸ್ತಕಕ್ಕೆ ‘ದಿ ಅನ್‌ಅಶೇಮ್ಡ್ ಅಕಂಪನಿಸ್ಟ್’ ಎಂದು ಹೆಸರಿಟ್ಟರು. ಪಕ್ಕವಾದ್ಯದವನು, ನಾಚಿಕೆಯಿಲ್ಲ! ಅದೇ ಹೆಸರಿನಲ್ಲಿ ಅವರೇ ಮಾತಾಡುತ್ತ ನುಡಿಸಿದ ಒಂದು ಧ್ವನಿಮುದ್ರಿಕೆಯೂ ಇದೆ. ಒಳ್ಳೆಯ ಹಾಸ್ಯಗಾರ. ಸಂಗೀತದ ಗಂಧವಿಲ್ಲದವರಿಗೂ ಕೇಳಿಸಬಹುದಾದದ್ದು ಅದೊಂದೇ.

ಈಗ ‘ಎರ್ಲ್‌ಕೋನಿಗ್’. ಶೂಬರ್ಟ್ 18ರ ವಯಸ್ಸಿನಲ್ಲಿ, 1815ರಲ್ಲಿ, ಗಯಟೆಯ ಕವಿತೆಗೆ ಕಟ್ಟಿದ ಹಾಡು. ರಾತ್ರಿ, ಗಾಳಿ, ಕುದುರೆಯ ಮೇಲೆ ತಂದೆ, ತೋಳಿನಲ್ಲಿ ಜ್ವರದ ಮಗು. ಮಗುವಿಗೆ ಮಾತ್ರ ಕಾಣುವ ಮಾಯಾವಿ ರಾಜ ಅದನ್ನು ಕರೆಯುತ್ತಾನೆ. ಬಲಗೈ ಒಂದೇ ಸ್ವರವನ್ನು ಎರಡು ಸಪ್ತಕದಲ್ಲಿ ಹಿಡಿದು, ಮಾತ್ರೆಗೆ ಮೂರರಂತೆ, ಕುದುರೆಯ ಓಟವಾಗಿ ಹೊಡೆಯುತ್ತಲೇ ಇರಬೇಕು. ಸುಮಾರು ನಾಲ್ಕು ನಿಮಿಷ. ಮಣಿಕಟ್ಟು ಕಲ್ಲಾಗುತ್ತದೆ. ತಬಲಾದ ನನ್ನ ಸ್ನೇಹಿತನಿಗೆ ಕೇಳಿಸಿದೆ. ಒಂದು ನಿಮಿಷಕ್ಕೆ ಆತ ತನ್ನ ಬಲಗೈಯನ್ನೇ ನೀವಿಕೊಳ್ಳತೊಡಗಿದ. “ಇದು ಝಾಲಾ ಅಲ್ರೀ, ಶಿಕ್ಷಾ” ಎಂದ.

ಇದನ್ನು ಶಕ್ತಿಪ್ರದರ್ಶನವಾಗಿ ನುಡಿಸಿದವರು ಬಹಳ ಮಂದಿ. ಪೆಟ್ಟಿಗೆಯಲ್ಲಿರುವುದು ಎಪ್ಪತ್ತರ ಆಸುಪಾಸಿನ ಕೈ, ಪ್ರದರ್ಶನದ ಗೊಡವೆ ಅದಕ್ಕಿಲ್ಲ. ಮಾಯಾವಿ ಮೊದಲ ಸಲ ಬಾಯಿ ಬಿಡುವ ಜಾಗವನ್ನು ಕೇಳಿ. ಅಲ್ಲಿಯವರೆಗೆ ಬಡಿಯುತ್ತಿದ್ದ ಆ ಹೊಡೆತ ಒಡೆದು ಎರಡು ಕೈಗೂ ಹಂಚಿಹೋಗುತ್ತದೆ, ಸ್ವಲ್ಪ ಕುಣಿತದ ನಡೆ ಬರುತ್ತದೆ. ನುಡಿಸುವವನ ಮಣಿಕಟ್ಟಿಗೆ ಆಗಲೇ ಮೊದಲ ವಿಶ್ರಾಂತಿ. ಬಾ ಮಗು, ನನ್ನ ಜೊತೆ ಬಾ ಎಂದು ಅವನು ಕರೆಯುವ ಹೊತ್ತಿಗೆ ಕೈಗೂ ನಿಜವಾಗಿ ಹಾಯೆನಿಸುತ್ತದೆ! ಆಮಿಷವನ್ನು ಶೂಬರ್ಟ್ ವಾದಕನ ಮೈಗೇ ಒಡ್ಡಿದ್ದಾರೆ. ಮೂರ್ ಆ ಹಾಯನ್ನು ಮುಚ್ಚಿಡುವುದಿಲ್ಲ, ಕೈ ಸಡಿಲಾದದ್ದು ಕೇಳಿಸುತ್ತದೆ. ಮಗು ಚೀರಿದೊಡನೆ ಹಳೆಯ ಬಡಿತ ಮರಳುತ್ತದೆ, ಈ ಸಲ ಇನ್ನಷ್ಟು ಮೊನಚಾಗಿ. ಕೊನೆಗೆ ಓಟ ನಿಂತು, ತಂದೆಯ ತೋಳಿನಲ್ಲಿ ಮಗು ಸತ್ತಿತ್ತು ಎಂದು ಗಾಯಕ ಬರಿದಾಗಿ ಹೇಳಿದ ಮೇಲೆ ಪಿಯಾನೋಗೆ ಎರಡು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛ, ಉಳಿದಿವೆ. ಬಾಗಿಲು ಹಾಕಿ ಅಗುಳಿ ಇಟ್ಟ ಹಾಗೆ ಇಡುತ್ತಾರೆ, ಮುಗಿಯಿತು.

ದೂರುಗಳು ಇಲ್ಲದೆ ಇಲ್ಲ. ದೊಡ್ಡದು ಇದು: ನನ್ನ ಕಿವಿಗೆ ಈ ಪೆಟ್ಟಿಗೆಯಲ್ಲಿ ಗಂಟಲು ಒಂದು ಹೆಜ್ಜೆ ಮುಂದೆ, ಪಿಯಾನೋ ಎರಡು ಹೆಜ್ಜೆ ಹಿಂದೆ ನಿಂತಿದೆ. ಬಾಜೂಕ ಇರುವವನನ್ನು ಹಿಂದಕ್ಕೆ ನಿಲ್ಲಿಸಿದರು. ಸ್ಪೀಕರಿನಲ್ಲಿ ಕೇಳಿದರೆ ಎಡಗೈಯ ಎಷ್ಟೋ ಸೂಕ್ಷ್ಮ ಹೋಗಿಬಿಡುತ್ತದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಲೇಬೇಕು. ಎರಡನೆಯದು, 1966ರಿಂದ 1972ರವರೆಗೆ ಬರ್ಲಿನ್ನಿನಲ್ಲಿ ಕೂತು ಇಷ್ಟು ಹಾಡುಗಳನ್ನು ಸಾಲುಹಚ್ಚಿ ಮುದ್ರಿಸಿದ್ದಾರಲ್ಲ, ಎಲ್ಲವೂ ಒಳಗಿನಿಂದ ಬಂದದ್ದಲ್ಲ. ಶೂಬರ್ಟ್ ಹುಡುಗನಾಗಿದ್ದಾಗ ಬರೆದ ಉದ್ದುದ್ದ ಕಥನಗೀತೆಗಳು, ಒಂದೊಂದು ಹತ್ತು ಹದಿನೈದು ನಿಮಿಷದವು, ಅಚ್ಚುಕಟ್ಟಾಗಿವೆ, ಅಷ್ಟೆ. ನಾನು ಬಿಟ್ಟುಕೊಡುತ್ತೇನೆ ಎಂದ ಐದು ಸಿಡಿ ಈ ಭಾಗದಲ್ಲೇ ಸಿಗುತ್ತವೆ. ಮೂರನೆಯದು, ಹೆಣ್ಣು ಹಾಡಬೇಕಾದ ಹಾಡುಗಳನ್ನು ಇಲ್ಲಿ ಮುಟ್ಟಿಲ್ಲ. ಗಾಯಕ ಗಂಡಸು, ಹಾಗಾಗಿ ಅದು ಸರಿಯೇ. ಆದರೆ ರಾಟೆಯ ಮುಂದೆ ಕೂತ ಗ್ರೆಚೆನ್ ಹಾಡಿಲ್ಲದ ಶೂಬರ್ಟ್ ಪೆಟ್ಟಿಗೆ ಎಂದರೆ ನನಗೆ ಹೊಟ್ಟೆಯುರಿ. ಅಲ್ಲಿ ಬಲಗೈ ರಾಟೆ ತಿರುಗಿಸುತ್ತಲೇ ಇರುತ್ತದೆ. ಪ್ರಿಯಕರನ ಮುತ್ತು ನೆನಪಾದ ಜಾಗದಲ್ಲಿ ರಾಟೆ ನಿಂತುಬಿಡುತ್ತದೆ. ಮತ್ತೆ ತಿರುಗಲು ಎರಡು ಮೂರು ಸಲ ತಡವರಿಸುತ್ತದೆ. ಆ ತಡವರಿಕೆ ಪೂರ್ತಿ ಪಕ್ಕದವರದ್ದು, ಗಾಯಕಿ ಆಗ ಸುಮ್ಮನಿರುತ್ತಾಳೆ.

ಮೊಬೈಲಿನಲ್ಲೇ ಕೇಳಬಹುದಲ್ಲ, ಪೆಟ್ಟಿಗೆ ಯಾಕೆ ಎಂದು ಮಗಳು ಕೇಳಿದಳು. ಕೇಳಿ ನೋಡಿದೆ. ಪುಕ್ಕಟೆ ಆಪಿನಲ್ಲಿ 23ನೆಯ ಹಾಡು ಮುಗಿದು ಮುದುಕನ ಸಾ-ಪಾ ಶುರುವಾಗಬೇಕಾದ ಸಂದಿನಲ್ಲಿ ಸಾಲ ಕೊಡುವವರ ಜಾಹೀರಾತು ಬಂತು. ಮರುದಿನವೇ ಸಿಡಿ ಪ್ಲೇಯರಿನ ಧೂಳು ಒರೆಸಿದೆ.

ಫಿಶರ್-ಡೀಸ್ಕೌ ಇದೇ ಹಾಡುಗಳನ್ನು ದೊಡ್ಡ ದೊಡ್ಡ ಸೋಲೋ ವಾದಕರೊಂದಿಗೂ ಮುದ್ರಿಸಿದ್ದಾರೆ. ಆಲ್ಫ್ರೆಡ್ ಬ್ರೆಂಡೆಲ್ ಜೊತೆಗಿನ 1985ರ ‘ವಿಂಟರ್‌ರೈಸೆ’ ತಂದು ಕೇಳಿದೆ. ಬ್ರೆಂಡೆಲ್ ಅವರದ್ದು ಅದ್ಭುತ ಕೈ, ಪ್ರತಿ ಸಾಲಿಗೂ ಒಂದು ಅಭಿಪ್ರಾಯವಿದೆ, ಕೇಳುತ್ತ ಕೂತರೆ ಇಬ್ಬರು ಪಂಡಿತರ ಚರ್ಚೆ. ಬೆಂಜಮಿನ್ ಬ್ರಿಟನ್ ತಾವೇ ಸಂಗೀತ ರಚಿಸುವವರು. ಪೀಟರ್ ಪಿಯರ್ಸ್ ಜೊತೆ ಅವರು ನುಡಿಸುವಾಗ ಹಾಡನ್ನು ಅಲ್ಲೇ ಕೂತು ಹೊಸದಾಗಿ ಬರೆಯುತ್ತಿದ್ದಾರೆ ಎನಿಸುತ್ತದೆ. ಮೂರ್ ಅವರಿಗೆ ಮರಳಿದಾಗ ಮೊದಲ ಐದು ನಿಮಿಷ ಸಪ್ಪೆ. ಸುಳ್ಳು ಹೇಳುವುದಿಲ್ಲ, ನಿಜಕ್ಕೂ ಸಪ್ಪೆ. ಆರನೆಯ ನಿಮಿಷಕ್ಕೆ ಗಾಯಕ ಉಸಿರೆಳೆದದ್ದು ತಿಳಿಯಲೇ ಇಲ್ಲವಲ್ಲ ಎಂದು ಹೊಳೆಯುತ್ತದೆ. ಹಿಂದೆ ಹೋಗಿ ಕೇಳಿದರೆ, ಉಸಿರಿನ ಜಾಗಕ್ಕೆ ಸರಿಯಾಗಿ ಬಲಗೈ ಒಂದು ಸ್ವರವನ್ನು ಕೂದಲೆಳೆಯಷ್ಟು ಹೆಚ್ಚು ಹಿಡಿದಿದೆ.

ಶೂಬರ್ಟ್ ಅಲ್ಲದ ಎರಡು ಸಣ್ಣ ತುಣುಕುಗಳನ್ನೂ ಹೇಳಿಬಿಡುತ್ತೇನೆ. 1945ರಲ್ಲಿ ಇಸೊಬೆಲ್ ಬೇಲಿ ಮತ್ತು ಕ್ಯಾಥ್ಲೀನ್ ಫೆರಿಯರ್ ಸೇರಿ ಹಾಡಿದ ಪರ್ಸೆಲ್ ಅವರ ‘ಸೌಂಡ್ ದ ಟ್ರಂಪೆಟ್’. ಎಡಗೈಯ ಒಂದು ಚಿಕ್ಕ ತುಣುಕು ಸುತ್ತಿಸುತ್ತಿ ಬರುತ್ತಲೇ ಇರುತ್ತದೆ, ನಮ್ಮ ಲೆಹರಾ ಇದ್ದಂತೆ. ತಬಲಾ ಸೋಲೋಗೆ ಮುಕ್ಕಾಲು ಗಂಟೆ ಒಂದೇ ಲೆಹರಾ ಹಿಡಿದು ಕೂತು ನಿದ್ದೆ ತೂಗಿದ ಅನುಭವ ನನಗಿದೆ. ಇಲ್ಲಿ ಮೂರ್ ಪ್ರತಿ ಸುತ್ತನ್ನೂ ಈಗಷ್ಟೇ ಸಿಕ್ಕ ಸುದ್ದಿಯಂತೆ ಎತ್ತಿಕೊಳ್ಳುತ್ತಾರೆ. ಇನ್ನೊಂದು 1962ರದ್ದು. 17ರ ಹುಡುಗಿ ಜಾಕ್ವೆಲಿನ್ ಡು ಪ್ರೆ ಚೆಲ್ಲೋ ಹಿಡಿದಿದ್ದಾಳೆ, ಅರವತ್ತು ದಾಟಿದವರು ಪಿಯಾನೋದಲ್ಲಿ. ಪಾರಾಡಿಸ್ ಹೆಸರಿನಲ್ಲಿ ಪ್ರಸಿದ್ಧವಾದ ‘ಸಿಸಿಲಿಯೆನ್’, ಎರಡು ಮೂರು ನಿಮಿಷದ ಜೋಕಾಲಿ ನಡೆ. ಹುಡುಗಿ ಬಿಲ್ಲನ್ನು ಎಷ್ಟು ಉದ್ದ ಎಳೆಯಬೇಕೋ ಅಷ್ಟು ಎಳೆಯಲಿ ಎಂದು ಜೋಕಾಲಿಯ ಹಗ್ಗ ಹಿಡಿದು ನಿಂತ ಅಜ್ಜ. ದೂಡುವುದಿಲ್ಲ, ಬಿಡುವುದೂ ಇಲ್ಲ.

ಕೊಳ್ಳುವವರಿಗೆ: ಪೆಟ್ಟಿಗೆಯಿಂದ ಶುರು ಮಾಡಬೇಡಿ. 21 ಸಿಡಿ ಕಂಡರೆ ಒಳ್ಳೆಯ ಕೇಳುಗನೂ ಬೆದರುತ್ತಾನೆ. ಹಾಟರ್ ಅವರ 1954ರದ್ದನ್ನು ಹುಡುಕಿ, ಹಳೆಯ ಮೊನೋ ಧ್ವನಿ ಎಂದು ಹಿಂಜರಿಯಬೇಡಿ. ಆಮೇಲೆ ಪೆಟ್ಟಿಗೆಯ ಮೂರು ಹಾಡುಮಾಲೆಗಳು ಮಾತ್ರ, ‘ಡೀ ಶೋನೆ ಮ್ಯೂಲರಿನ್’, ‘ವಿಂಟರ್‌ರೈಸೆ’, ‘ಶ್ವಾನೆನ್‌ಗೆಸಾಂಗ್’. ಅವು ರುಚಿಸಿದರೆ ಉಳಿದದ್ದು. ಹುಗೋ ವೋಲ್ಫ್ ಹಾಡುಗಳನ್ನು ಮೂರ್ ಬಹಳ ನುಡಿಸಿದ್ದಾರೆ, ನನಗೆ ಅವು ಇನ್ನೂ ಒಗ್ಗಿಲ್ಲ, ಹಾಗಾಗಿ ಸುಮ್ಮನಿರುತ್ತೇನೆ.

ಇನ್ನೊಂದು ಮುದ್ರಿಕೆ ಉಳಿಯಿತು. 1967ರ ಫೆಬ್ರವರಿ 20, ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್. ವೇದಿಕೆಗೆ ಮೂರ್ ವಿದಾಯ ಹೇಳಿದ ರಾತ್ರಿ. ಸ್ಟುಡಿಯೋ ಕೆಲಸ ಆಮೇಲೂ ನಡೆಯಿತು, ಪೆಟ್ಟಿಗೆಯ ಬಹುಪಾಲು ಅದರ ನಂತರದ್ದೇ. ಹಾಡಲು ಬಂದವರು ಮೂವರು: ಫಿಶರ್-ಡೀಸ್ಕೌ, ಎಲಿಸಬೆತ್ ಶ್ವಾರ್ಜ್‌ಕಾಫ್, ವಿಕ್ಟೋರಿಯಾ ದೆ ಲೋಸ್ ಆಂಜೆಲೆಸ್. ಒಬ್ಬೊಬ್ಬರೂ ಒಂದೊಂದು ಸಭಾಂಗಣವನ್ನು ತಾವೇ ತುಂಬಿಸಬಲ್ಲವರು. ಪೇಟಿಯವನ ಬೀಳ್ಕೊಡುಗೆಗೆ ಮೂವರು ಬುವಾಗಳು, ಅಂದರೆ ದೊಡ್ಡ ಗಾಯಕರು, ಒಂದೇ ವೇದಿಕೆಯಲ್ಲಿ ಕೂತು, ನಮ್ಮ ಹೆಸರು ಕೆಳಗಿರಲಿ ಎಂದ ಹಾಗೆ. ಇಬ್ಬರು ಹೆಂಗಸರು ಸೇರಿ ರೊಸ್ಸೀನಿ ಹೆಸರಿನಲ್ಲಿ ಓಡಾಡುವ ಬೆಕ್ಕುಗಳ ಯುಗಳಗೀತೆ ಹಾಡುತ್ತಾರೆ. ಸಾಹಿತ್ಯ ಒಂದೇ ಶಬ್ದ, ಮಿಯಾಂವ್. ಸಭೆ ನಗುತ್ತದೆ. ಪಿಯಾನೋ ನಗುವುದಿಲ್ಲ, ಗಂಭೀರವಾಗಿ ತನ್ನ ಕೆಲಸ ಮಾಡುತ್ತದೆ, ನಗು ಅದರಿಂದಲೇ ಇಮ್ಮಡಿ.

ಎಲ್ಲ ಮುಗಿದ ಮೇಲೆ ಗಾಯಕರಿಲ್ಲದೆ ಮೂರ್ ಒಬ್ಬರೇ ನುಡಿಸುತ್ತಾರೆ. ಶೂಬರ್ಟರ ‘ಆನ್ ಡೀ ಮ್ಯೂಸಿಕ್’, ಸಂಗೀತಕ್ಕೆ ಧನ್ಯವಾದ ಹೇಳುವ ಹಾಡು, ಪಿಯಾನೋ ಒಂದಕ್ಕೇ ಅವರು ಹೊಂದಿಸಿಕೊಂಡದ್ದು. ಮೂಲದಲ್ಲಿ ಬಲಗೈ ಮೆಲ್ಲನೆ ಒಂದೇ ಸಮನೆ ಕಾರ್ಡುಗಳನ್ನು ತಟ್ಟುತ್ತದೆ, ಎಡಗೈಯ ಖರ್ಜ ಗಾಯಕನೊಂದಿಗೆ ಮಾತಾಡುತ್ತದೆ. ಈಗ ಗಾಯಕನ ಸಾಲೂ ಅವರದ್ದೇ ಪಾಲಿಗೆ ಬಂದಿದೆ. ಒಂದು ಜೀವಮಾನ ಬೇರೆಯವರ ಗಂಟಲಿಗೆ ಬಿಟ್ಟುಕೊಟ್ಟ ಸಾಲು. ಇಲ್ಲಾದರೂ ಎತ್ತಿ ಹಾಡಿಸುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಸ್ವರ ಸಾಲು ಮುಗಿಸಿ, ಮುಂದಿನದಕ್ಕೆ ಹೋಗುವ ಮೊದಲು ಒಂದು ಚಿಟಿಕೆ ಜಾಗ ಬಿಡುತ್ತಾರೆ. ಬೆರಳಿಗೆ ಆ ಜಾಗ ಬೇಕಿಲ್ಲ, ಅದು ಉಸಿರಿನ ಜಾಗ. ಹಾಡುವವರು ಯಾರೂ ಇಲ್ಲ, ಆದರೂ ಬಿಟ್ಟಿದ್ದಾರೆ. ಮುಂದಿನ ಸಾಲಿನ ಕೊನೆಯಲ್ಲಿ ಮತ್ತೆ.